ಮಿಂಚಿ ವಾಪಸ್ ಬರೋ ಕಂತು

ಜನವರಿ ೧೮

ಪ್ರೀತಿಯ ಅಕ್ಕ,

ಬೈಯೋದಿದ್ದರೆ ಮೊದಲೇ ಬೈದುಬಿಡು, ಆಮೇಲೆ ಡಿಸ್ಕ್ ಹಾಕು. ಇದರ ಜೊತೆ ಮೊದಲ ಎರಡು ಕಂತು ಕಳಿಸಿದ್ದೀನಿ. ಮಾತುಗಳನ್ನೆಲ್ಲ ನಮ್ಮ ಭಾಷೆಯಲ್ಲೇ ಟೈಪ್ ಮಾಡಿ ಇಟ್ಟಿದ್ದೀನಿ. ನಿನ್ನ ಕಿವಿ ಚೆನ್ನಾಗಿದ್ದರೆ ಫೋನಲ್ಲೇ ಒಂದೊಂದಾಗಿ ಹೇಳಿ ಬೈಸಿಕೊಳ್ತಿದ್ದೆ.

ನಿನ್ನ ಹಳೇ ಕಾರ್ಟೂನಿನ ಗುಡುಗಿ, ಮಿಂಚಿ, ಹನಿ ಮೂವರೂ ಅಕ್ಕತಂಗಿಯರು ತಾನೆ? ಮೋಡದಿಂದ ಒಂದೇ ಬಕೆಟ್ಟಿಗೆ ದೊಪ್ಪನೆ ಬಿದ್ದವರು. ಈಗ ಅದನ್ನೇ ಇಲ್ಲಿಯವರು ಅನಿಮೆಯಾಗಿ, ಅಂದರೆ ತಮ್ಮ ದೇಶದ ಶೈಲಿಯ ಕಾರ್ಟೂನಾಗಿ, ಮಾಡ್ತಿದ್ದಾರಲ್ಲ, ಅದರಲ್ಲಿ ಅವರು ಅಕ್ಕತಂಗಿಯರಲ್ಲ. ಒಂದೇ ಶಾಲೆಯ ಮೂರು ಹುಡುಗಿಯರು, ಒಬ್ಬರ ಮುಖ ಒಬ್ಬರಿಗೆ ಸರಿಯಾಗಿ ಗೊತ್ತಿಲ್ಲ. ಮಾತಾಡೋ ಅಳಿಲೊಂದು ಬಂದು ಮೂವರಿಗೂ ಒಂದೊಂದು ಕೂದಲ ಕ್ಲಿಪ್ಪು ಕೊಡುತ್ತೆ. ನಿನ್ನ ಗುಡುಗಿಗೆ ಕೋಪ ಬಂದರೆ ಸಾಕಿತ್ತು, ಕೈಯಿಂದ ಗುಡುಗು ಹೊರಡ್ತಿತ್ತು. ಇಲ್ಲಿ ಕ್ಲಿಪ್ಪು ಮುಟ್ಟಬೇಕು, ಗಿರಗಿರ ತಿರುಗಬೇಕು, ರಿಬ್ಬನ್ನು ಹಾರಬೇಕು, ಬಟ್ಟೆ ಬದಲಾಗಬೇಕು, ಆಮೇಲೆ ತಾನು ಹೊಡೆಯೋ ಏಟಿನ ಹೆಸರನ್ನು ಕೂಗಿ ಹೇಳಿ ಹೊಡೆಯಬೇಕು. ಮಾಯಾ ಹುಡುಗಿಯರ ಕಥೆ ಅಂದರೆ ಇವೆಲ್ಲ ಇರಲೇಬೇಕಂತೆ.

ಅವರನ್ನು ಅಕ್ಕತಂಗಿಯರಾಗೇ ಬಿಡಿ ಅಂತ ನಾನು ಗೋಗರೆದೆ. ನಮ್ಮ ಹಿರಿಯ ಬರಹಗಾರರು ಕನ್ನಡಕ ತೆಗೆದು ಒರೆಸ್ತಾ ಹೇಳಿದರು: "ನಿಮ್ಮ ಕಡೆಯ ಕಾರ್ಟೂನಲ್ಲಿ ಅವರು ಹುಟ್ಟುತ್ತಲೇ ಒಬ್ಬರಿಗೊಬ್ಬರು ಸಿಕ್ಕಿಬಿಟ್ಟಿದ್ದಾರೆ. ಹಾಗಾಗಿ ಒಬ್ಬರನ್ನೊಬ್ಬರು ಗಳಿಸಿಕೊಳ್ಳೋ ಕಷ್ಟ ಇಲ್ಲ. ಆ ಕಷ್ಟವೇ ನಮ್ಮ ಕಥೆ."

ನಾನು ಅದನ್ನ ಹಾಳೆಯ ಅಂಚಿಗೆ ಬರ್ಕೊಂಡೆ.

ನಿನ್ನ ತಂಗಿ


ಫೆಬ್ರವರಿ ೯

ಪುಟ್ಟೀ,

ಬೈಯಲ್ಲ. ನನ್ನ ಮಕ್ಕಳಿಗೆ ಬೇರೆಯವರು ಬಟ್ಟೆ ಹೊಲಿಸಿದ ಹಾಗಿದೆ. ಚೆನ್ನಾಗೇ ಇದೆ, ಆದರೆ ಅಳತೆ ಯಾರದ್ದೋ.

ನನಗೆ ಒಂದೇ ಕಷ್ಟ. ಪರದೆ ನೋಡಿದರೆ ನಿನ್ನ ಹಾಳೆ ತಪ್ಪುತ್ತೆ, ಹಾಳೆ ನೋಡಿದರೆ ಪರದೆ ತಪ್ಪುತ್ತೆ. ಅದಕ್ಕೆ ಪಕ್ಕದ ಮನೆಯವಳು ಒಬ್ಬಳು ಬರ್ತಾಳೆ. ಹೊಸದಾಗಿ ಬಂದಿದ್ದಾಳೆ. ಟಿವಿ ಪಕ್ಕ ಸ್ಟೂಲ್ ಹಾಕಿಕೊಂಡು, ನನ್ನ ಕಡೆ ಮುಖ ಮಾಡಿ, ಹಾಳೆ ನೋಡಿಕೊಂಡು ಎಲ್ಲರ ಮಾತೂ ಆಡ್ತಾಳೆ. ನಾನು ಅವಳ ತುಟಿ ಓದ್ಕೋತೀನಿ. ಗುಡುಗಿಗೆ ಹುಬ್ಬು ಗಂಟು, ಹನಿಗೆ ಗಲ್ಲ ಉಬ್ಬು, ಅಳಿಲಿಗೆ ಮೂಗು ಮೇಲೆ. ಯಾರು ಮಾತಾಡ್ತಿದ್ದಾರೆ ಅಂತ ಹೇಳೋದೇ ಬೇಡ.

ಭಾರಿ ಬಾಯಿ ಅವಳದ್ದು. "ಇವರು ಬಟ್ಟೆ ಬದಲಾಯಿಸೋವರೆಗೂ ಆ ರಾಕ್ಷಸ ಬಟ್ಟೆ ಅಂಗಡಿ ಮುಂದೆ ನಿಂತ ಗಂಡನ ಥರ ಕಾಯ್ತಾನಲ್ಲ, ಪಾಪ ಒಳ್ಳೆಯವನೇ ಇರಬೇಕು" ಅಂತಾಳೆ. ಒಂದು ಕ್ಲಿಪ್ಪು ಸಿಕ್ಕಿಸಿದ ಮಾತ್ರಕ್ಕೆ ಮಗಳ ಗುರುತು ಹೆತ್ತಮ್ಮನಿಗೇ ಸಿಗೋಲ್ಲ ಅಂದರೆ ಆ ಊರಲ್ಲಿ ಮೊದಲು ಬೇಕಾಗಿರೋದು ಕಣ್ಣಿನ ಡಾಕ್ಟರು ಅಂತಾಳೆ.

ಆದರೆ ಅಕ್ಕತಂಗಿಯರಲ್ಲ ಅನ್ನೋದನ್ನ ನಾನು ದೂರಿದಾಗ ಅವಳು ನಗಲಿಲ್ಲ. "ಅದು ಸರಿಯಾಗೇ ಮಾಡಿದ್ದಾರೆ. ಅಕ್ಕತಂಗಿಯರಾದರೆ ಬಿಟ್ಟರೂ ಇದ್ದೇ ಇರ್ತಾರೆ ಅನ್ನೋ ಧೈರ್ಯ. ಸ್ನೇಹಿತೆಯರಾದರೆ ಹುಷಾರಾಗಿ ನಡ್ಕೋತಾರೆ" ಅಂದಳು.

ಇನ್ನೂ ಕಂತು ಕಳಿಸು. ಕಾಯ್ತಿರ್ತೀವಿ.

ಅಕ್ಕ


ಮಾರ್ಚ್ ೨

ಅಕ್ಕ,

ನಿನ್ನ ಪಕ್ಕದ ಮನೆಯವಳಿಗೆ ನನ್ನ ನಮಸ್ಕಾರ ಹೇಳು. ಬಟ್ಟೆ ಅಂಗಡಿ ಗಂಡನ ಮಾತನ್ನ ನಾನು ಸಭೆಯಲ್ಲಿ ಹೇಳಿದೆ. ನಿರ್ದೇಶಕರು ಚಹಾ ನೆತ್ತಿಗೇರಿಸಿಕೊಂಡರು. ಆಮೇಲೆ ಗಂಭೀರವಾಗಿ ವಿವರಿಸಿದರು: ಆ ತಿರುಗೋ ದೃಶ್ಯ ಒಂದೇ ಸಲ ಬರೆಯೋದು, ಪ್ರತಿ ಕಂತಿಗೂ ಅದನ್ನೇ ಅಂಟಿಸೋದು. ಅಷ್ಟು ಹೊತ್ತು ಚಿತ್ರ ಬರೆಯೋರಿಗೆ ಬಿಡುವು. ರಾಕ್ಷಸ ಕಾಯೋದು ಅವರ ಬೆರಳುಗಳ ಪುಣ್ಯ.

ನಿನ್ನ ಕಾಗದದಲ್ಲಿ ಇಷ್ಟು ನಗು ನೋಡಿ ಎಷ್ಟು ವರ್ಷವಾಯ್ತು! ಒಂಟಿ ಇದ್ದೀಯ ಅನ್ನೋದು ನನಗೆ ಎದೆಯಲ್ಲಿ ಮುಳ್ಳಾಗಿತ್ತು. ಅವಳು ಬಂದಿದ್ದು ಒಳ್ಳೆಯದಾಯ್ತು. ನಿಜ ಹೇಳಲಾ, ಸ್ವಲ್ಪ ಹೊಟ್ಟೆಯುರಿಯೂ ಆಯ್ತು.

ಒಂದು ಸುದ್ದಿ. ಮಿಂಚಿಯ ಪಾಲಿನ ಕಥೆಯನ್ನೆಲ್ಲ ನನಗೆ ಒಪ್ಪಿಸಿದ್ದಾರೆ. ಈ ಜಾತಿಯ ಕಥೆಗಳಲ್ಲಿ ನಡುವೆ ಒಬ್ಬ ಗೆಳತಿ ಕೈಬಿಟ್ಟು ಶತ್ರುವಿನ ಕಡೆ ಹೋಗಬೇಕು. ಇಲ್ಲಿ ಹೋಗೋದು ಮಿಂಚಿ. ಹನಿ ಕಾಯಿಲೆ ಬಿದ್ದು ಮಲಗಿದ್ದಾಗ, ಶತ್ರುಗಳ ಒಡತಿ ಕಪ್ಪುರಾಣಿ ಮಿಂಚಿಯ ಕಿವಿಯಲ್ಲಿ ಏನೋ ಊದ್ತಾಳೆ, ಅವಳು ಎದ್ದು ಹೋಗ್ತಾಳೆ. ಎಲ್ಲರೂ ಇದು ಕಷ್ಟದ ಭಾಗ ಅಂದರು. ನನಗೆ ಸಲೀಸು. ಅಮ್ಮ ಹಾಸಿಗೆ ಹಿಡಿದಿದ್ದಾಗ ಒಂದು ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ನಾಟಕದವರ ವ್ಯಾನು ಹತ್ತಿದವಳನ್ನ, ನಮ್ಮಿಬ್ಬರ ನಡುವೆ ಹುಟ್ಟಿದವಳನ್ನ, ಕಿಟಕಿಯಿಂದ ನೋಡಿದವಳು ನಾನು. ಆಮೇಲೆ ಅಮ್ಮ ಕಣ್ಣು ಮುಚ್ಚೋವರೆಗೂ ಮಗ್ಗಲು ಬದಲಾಯಿಸಿದವಳೂ ನಾನೇ. ಅವಳ ಮಾತೆತ್ತಬೇಡ ಅಂತ ನಿನ್ನಿಂದ ಭಾಷೆ ತಗೊಂಡವಳು ಈಗ ನಾನೇ ಎತ್ತಿದ್ದೀನಿ. ಇಷ್ಟಕ್ಕೇ ಸಾಕು.

ತಂಗಿ


ಜೂನ್ ೨೧

ಪುಟ್ಟೀ,

ಮಿಂಚಿ ಬಿಟ್ಟು ಹೋಗೋ ಕಂತು ನೋಡಿದ್ವಿ. ಬಣ್ಣ ಇನ್ನೂ ಪೂರ್ತಿ ಇಲ್ಲ ಅಂದಿದ್ದೆ, ಆದರೂ ಎದೆ ಹಿಂಡಿತು. ಹನಿ ಹಾಸಿಗೆ ಪಕ್ಕದ ಆ ನೀರಿನ ಲೋಟ, ಅದರ ಮೇಲೆ ಮುಚ್ಚಿದ ತಟ್ಟೆ. ನಮ್ಮ ಮನೆಯದ್ದೇ ಅಲ್ವಾ?

ಪಕ್ಕದ ಮನೆಯವಳು ಆ ಕಂತನ್ನ ಪೂರ್ತಿ ಓದಲಿಲ್ಲ. ಮಿಂಚಿ ಬಾಗಿಲಲ್ಲಿ ಮೂರು ಸಲ ತಿರುಗಿ ನೋಡ್ತಾಳಲ್ಲ, ಅಲ್ಲಿ ಹಾಳೆ ಮಡಿಚಿ ತೊಡೆ ಮೇಲಿಟ್ಟುಕೊಂಡಳು. "ಇದು ಸುಳ್ಳು. ಒಂದು ಸಲ ತಿರುಗಿದರೂ ಹೋಗೋಕಾಗಲ್ಲ. ಅದಕ್ಕೇ ಹೋಗೋರು ತಿರುಗಲ್ಲ" ಅಂದಳು. ಆಮೇಲೆ, "ಈ ಬಾಲ ಯಾಕೆ ಅವಳ ಹಿಂದೆ ಓಡಲಿಲ್ಲ? ಯಾವಾಗಲೂ ಓಡ್ತಿತ್ತಲ್ಲ" ಅಂದಳು.

ನಿನಗೆ ಏನಾದರೂ ಕೇಳೋದಿದ್ದರೆ ಕೇಳು ಪುಟ್ಟೀ. ಕೇಳಿದರೆ ಹೇಳ್ತೀನಿ. ಕೇಳದೆ ಇದ್ದರೆ ನಾನು ಹೇಳೋ ಹಾಗಿಲ್ಲ.

ಅಕ್ಕ


ಜುಲೈ ೧೪

ಅಕ್ಕ,

ಬಾಲ ಅಂತ ನನ್ನನ್ನ ಕರೀತಿದ್ದವಳು ಈ ಭೂಮಿ ಮೇಲೆ ಒಬ್ಬಳೇ. ಸ್ಕೂಲಿಗೂ ಅಂಗಡಿಗೂ ಅವಳ ಲಂಗ ಹಿಡಿದುಕೊಂಡೇ ಹೋಗ್ತಿದ್ದೆ ಅಂತ ಇಟ್ಟ ಹೆಸರು. ಆ ಪದ ನಿನ್ನ ಪಕ್ಕದ ಮನೆಯವಳ ಬಾಯಿಗೆ ಎಲ್ಲಿಂದ ಬಂತು ಅಂತ ನಾನು ಕೇಳಲ್ಲ. ನಿನಗೆ ಬೇಕಾದವರನ್ನ ಮನೆಯೊಳಗೆ ಕೂರಿಸಿಕೊಳ್ಳೋಕೆ ನನ್ನ ಅಪ್ಪಣೆ ಬೇಕಿಲ್ಲ. ಆದರೆ ನನ್ನ ಹಾಳೆಗಳನ್ನ ಯಾರ ಕೈಗೆ ಕೊಡ್ತೀಯ ಅನ್ನೋದು ನನಗೆ ಮೊದಲೇ ಗೊತ್ತಿದ್ದರೆ ಕಳಿಸೋ ಮುಂಚೆ ಯೋಚಿಸ್ತಿದ್ದೆ.

ಕೆಲಸದ ಸುದ್ದಿ. ಹಿರಿಯ ಬರಹಗಾರರು ಕೊನೆಯ ಕಂತುಗಳಲ್ಲಿ ಏನೇನಾಗಬೇಕು ಅಂತ ಹೇಳಿದ್ದಾರೆ. ಹನಿಗೆ ಬೀಳಬೇಕಾದ ಏಟಿಗೆ ಮಿಂಚಿ ಅಡ್ಡ ಬರ್ತಾಳೆ, ಸಾಯ್ತಾಳೆ. ಉಳಿದಿಬ್ಬರೂ ಅಳ್ತಾರೆ, ಕಣ್ಣೀರು ಕ್ಲಿಪ್ಪಿನ ಮೇಲೆ ಬೀಳುತ್ತೆ, ಬೆಳಕು, ಹಾಡು, ಮಿಂಚಿ ಕಣ್ಣು ಬಿಡ್ತಾಳೆ. ಪ್ರತಿ ಸಲ ಹೀಗೇ. ಈ ದೇಶದ ಮಕ್ಕಳಿಗೂ ಇದು ಬಾಯಿಪಾಠ. ನಾನು ಒಪ್ಪಲಿಲ್ಲ. ಬಿಟ್ಟು ಹೋದವಳು ಬಿಟ್ಟು ಹೋದಳು, ಬರೋದೇ ಬೇಡ, ಇಬ್ಬರಿಗೇ ಬದುಕೋದು ಕಲಿಸೋಣ ಅಂದೆ. ಸಭೆಯಲ್ಲಿ ಅರ್ಧ ಜನ ನನ್ನ ಕಡೆ ಇದ್ದಾರೆ. ನಾನು ಬಿಟ್ಟುಕೊಡಲ್ಲ.

ತಂಗಿ


ಆಗಸ್ಟ್ ೧೧

ಪುಟ್ಟೀ,

ನಿನ್ನ ಕಾಗದ ಓದಿ ಎಷ್ಟೋ ಹೊತ್ತು ಅಡುಗೆಮನೆ ಕಟ್ಟೆಗೆ ಒರಗಿ ನಿಂತಿದ್ದೆ. ನನ್ನ ಪಾಡು ಅತ್ತ ದರಿ ಇತ್ತ ಪುಲಿ ಅನ್ನೋ ಹಾಗಾಗಿದೆ. ನಿನಗೂ ಭಾಷೆ ಕೊಟ್ಟಿದ್ದೀನಿ, ಇನ್ನೊಬ್ಬರಿಗೂ ಕೊಟ್ಟಿದ್ದೀನಿ. ನೀನು ಕೇಳಲ್ಲ ಅಂತೀಯ.

ಪಕ್ಕದ ಮನೆಯವಳಿಗೆ ಈಚೆಗೆ ಮೈಯಲ್ಲಿ ಹುಷಾರಿಲ್ಲ. ಸ್ಟೂಲ್ ಮೇಲೆ ಕೂರೋಕಾಗಲ್ಲ, ದಿಂಬಿಗೆ ಒರಗಿಕೊಂಡು ಓದ್ತಾಳೆ. ಅರ್ಧ ಕಂತಿಗೆ ಸುಸ್ತಾಗ್ತಾಳೆ. ಮಿಕ್ಕರ್ಧ ಮಾರನೇ ದಿನಕ್ಕೆ. ಆ ಮುಖವಾಡದ ಹುಡುಗ ಗುಲಾಬಿ ಎಸೆದು ಮಾಯವಾಗ್ತಾನಲ್ಲ, ಅವನನ್ನ ಕಂಡರೆ ಮಾತ್ರ ಇನ್ನೂ ನಗ್ತಾಳೆ. "ಹೂ ಎಸೆದು ಓಡೋ ಬದಲು ಹುಡುಗಿಯರ ಮೇಲೆ ಬಿದ್ದ ಆ ಕಂಬ ಎತ್ತೋಕೆ ಒಂದು ಕೈ ಹಾಕಬಾರದಾ?" ಅಂತಾಳೆ.

ಮಿಂಚಿ ವಾಪಸ್ ಬರಲಿ ಪುಟ್ಟೀ. ಇದು ನನ್ನ ಮಾತು, ಬೇರೆ ಯಾರದ್ದೂ ಅಲ್ಲ. ಅವರನ್ನ ಮೊದಲು ಬರೆದವಳು ನಾನು. ನನ್ನ ಬಕೆಟ್ಟಲ್ಲಿ ಮೂವರಿದ್ದರು.

ಅಕ್ಕ


ಸೆಪ್ಟೆಂಬರ್ ೫

ಅಕ್ಕ,

ಇವತ್ತು ದನಿ ಮುದ್ರಣ ಇತ್ತು. ಮಿಂಚಿಗೆ ದನಿ ಕೊಡೋ ಹುಡುಗಿ ಇನ್ನೂ ಚಿಕ್ಕವಳು, ಬಹಳ ಶ್ರದ್ಧೆ. ಗಾಜಿನ ಆ ಕಡೆಯಿಂದ ನನ್ನನ್ನ ಕೇಳಿದಳು: "ಮಿಂಚಿ ಹನೀನ ಇಬ್ಬರೇ ಇದ್ದಾಗ ಏನಂತ ಕರೀತಾಳೆ? ಒಂದು ಮುದ್ದಿನ ಹೆಸರು ಇರಬೇಕಲ್ಲ?" ಇರಲೇಬೇಕು ಅಂತ ಎಲ್ಲರೂ ನನ್ನ ಕಡೆ ನೋಡಿದರು. ನಾನು ಹೇಳಿದೆ. ಆ ಹುಡುಗಿ ನಮ್ಮ ಪದವನ್ನ ಅವಳ ನಾಲಿಗೆಯಲ್ಲಿ ಹೊರಳಿಸಿ ಹೊರಳಿಸಿ ಅಭ್ಯಾಸ ಮಾಡಿದಳು. ಬಾಲ, ಬಾಲ, ಬಾಲ. ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ.

ನಮ್ಮ ಮಿಂಚಿಯ ಮೊದಲ ದನಿ ಆ ವ್ಯಾನು ಹತ್ತಿ ಹೋದವಳದ್ದೇ ಅಲ್ವಾ. ಮೂವರಿಗೂ ಅವಳೇ ಮಾತಾಡಿದ್ದಳು, ನಿನ್ನ ಆ ಬೀರು ಸೈಜಿನ ಸ್ಟುಡಿಯೋದಲ್ಲಿ. ಹನಿಯ ಮಾತು ಬಂದಾಗ ನನ್ನನ್ನ ನೋಡಿ ನನ್ನ ಥರವೇ ಗಲ್ಲ ಉಬ್ಬಿಸ್ತಿದ್ದಳು.

ಅವಳು ಹೇಗಿದ್ದಾಳೆ?

ತಂಗಿ


ಸೆಪ್ಟೆಂಬರ್ ೨೪

ಪುಟ್ಟೀ, ನನ್ನ ಬಂಗಾರ,

ಕೇಳಿದೆಯಲ್ಲ. ಈಗ ಹೇಳ್ತೀನಿ.

ಪಕ್ಕದ ಮನೆಯವಳು ಅಂತ ಯಾರೂ ಇಲ್ಲ, ಅದು ಅವಳೇ. ಹೋದ ವರ್ಷದ ಕೊನೆಗೆ ಬಂದಳು. ಬಾಗಿಲಲ್ಲಿ ಅದೇ ಥರದ ಒಂದು ಚೀಲ ಹಿಡಿದು ನಿಂತಿದ್ದಳು. ಗಂಟಲಲ್ಲಿ ಗಡ್ಡೆ. ಅಷ್ಟು ಹೊತ್ತಿಗೇ ಎರಡು ಊರಿನ ಡಾಕ್ಟರು ನೋಡಿ ಕೈಬಿಟ್ಟಿದ್ದರು. "ಇಲ್ಲಿರ್ತೀನಿ. ಆದರೆ ಬಾಲಕ್ಕೆ ಹೇಳಬೇಡ. ಕನಿಕರಕ್ಕೆ ಓಡಿ ಬರೋದು ಬೇಡ. ಅವಳಾಗೇ ಒಂದು ಸಲ ನನ್ನ ವಿಷಯ ಕೇಳಿದರೆ ಮಾತ್ರ ಹೇಳು" ಅಂದಳು. ನೀನು ಕೇಳ್ತೀಯ ಅಂತ ಪ್ರತಿ ಕಾಗದಾನೂ ಅವಳ ಎದುರಿಗೇ ಒಡೀತಿದ್ದೆ. ಮೇಲಿಂದ ಕೆಳಗೆ ಅವಳೂ ಓದೋಳು. ಜುಲೈ ಕಾಗದಾನೂ ಓದಿದಳು. ಬೇಜಾರು ಮಾಡ್ಕೊಳ್ಳಲಿಲ್ಲ. "ಕೋಪ ಇನ್ನೂ ಬಿಸಿಯಾಗೇ ಇದೆ. ಮರೆತಿದ್ದರೆ ಆರಿರೋದು" ಅಂದಳು.

ಒಂದು ವಿಷಯ ನನ್ನನ್ನ ಕೊಲ್ತಾ ಇದೆ. ತುಟಿ ನೋಡಿಕೊಂಡು ನಾನು ಎಲ್ಲ ಕಂತೂ ನೋಡಿದೆನಲ್ಲ. ಹೋದ ತಿಂಗಳು ಡಾಕ್ಟರು ಮನೆಗೆ ಬಂದವರು ಚೀಟಿಯಲ್ಲಿ ಬರೆದು ಕೇಳಿದರು: ದನಿ ಪೂರ್ತಿ ಹೋಗಿ ಎಷ್ಟು ದಿನವಾಯ್ತು? ನನಗೆ ಏನು ಗೊತ್ತು? ಅವಳನ್ನ ಕೇಳಿದರೆ, ಬೇಸಿಗೆಗೇ ಹೋಯ್ತು ಅಂದಳು. ಅಂದರೆ ಮಿಂಚಿ ಬಿಟ್ಟು ಹೋದ ಕಂತಿಗೂ ಮುಂಚಿನಿಂದಲೇ ನನ್ನ ಮುಂದೆ ಕೂತು ಬರೀ ತುಟಿ ಆಡಿಸ್ತಿದ್ದಳು. ಆಮೇಲೂ ಹುಬ್ಬು ಗಂಟು, ಗಲ್ಲ ಉಬ್ಬು, ಯಾವುದನ್ನೂ ಬಿಟ್ಟಿರಲಿಲ್ಲ.

ಅಮ್ಮನ್ನ ಬಿಟ್ಟು ಯಾಕೆ ಹೋದೆ ಅಂತ ನಿನ್ನ ಪರವಾಗಿ ನಾನೇ ಕೇಳಿದೆ. "ಆ ಕೋಣೆ ವಾಸನೆ ತಡೆಯೋಕಾಗಲಿಲ್ಲ. ಅಷ್ಟೇ. ದೊಡ್ಡ ಕಾರಣ ಹುಡುಕಬೇಡಿ. ನನ್ನ ಕಿವೀಲಿ ಯಾವ ಕಪ್ಪುರಾಣೀನೂ ಊದಲಿಲ್ಲ" ಅಂದಳು.

ನಿನ್ನ ಕಾಗದದ ಕೊನೇ ಸಾಲು ತೋರಿಸಿದೆ. ಬೆರಳಿಟ್ಟು ಓದಿದಳು. "ಕೇಳಿದಳಾ? ಎಷ್ಟು ತಡ ಮಾಡಿದಳು, ಕತ್ತೆ" ಅಂದಳು. ನಕ್ಕಳು. ಆಮೇಲೆ ನನ್ನ ಮೊಣಕೈ ಹಿಡಿದು, ನನಗೆ ತಪ್ಪಬಾರದು ಅಂತ ನಿಧಾನವಾಗಿ ಹೇಳಿದಳು: "ಮಿಂಚಿನ ವಾಪಸ್ ಕರೆಸು ಅಂತ ಬರಿ. ಕಣ್ಣೀರು ಬೀಳಲಿ, ಬೆಳಕು ಬರಲಿ, ಹಾಡೂ ಬರಲಿ. ಏನೂ ಕಡಿಮೆ ಮಾಡೋದು ಬೇಡ. ಮಕ್ಕಳು ಕಾಯ್ಕೊಂಡು ಕೂತಿರ್ತಾವೆ. ನಿಜ ಏನು ಅನ್ನೋದು ಅವಕ್ಕೆ ಆಮೇಲೆ ಗೊತ್ತಾಗುತ್ತೆ, ಈಗಲೇ ಯಾಕೆ ಅವಸರ?"

ಬಾ ಪುಟ್ಟೀ. ಆದಷ್ಟು ಬೇಗ ಬಾ.

ಅಕ್ಕ


ಅಕ್ಟೋಬರ್ ೬

ಅಕ್ಕ,

ಬರ್ತಿದ್ದೀನಿ. ಕೊನೇ ಕಂತು ಬರೆದುಕೊಟ್ಟರೆ ರಜೆ ಕೊಡ್ತೀವಿ ಅಂದಿದ್ದಾರೆ. ಮುಂದಿನ ವಾರದ ಕೊನೆಗೆ ವಿಮಾನ. ಬರೆದಷ್ಟು ಹಾಳೆಗಳನ್ನ ಇದರ ಜೊತೆಗೇ ತುರ್ತು ಅಂಚೆಗೆ ಹಾಕಿದ್ದೀನಿ. ನನಗಿಂತ ಮುಂಚೆ ತಲುಪ್ತಾವೆ. ಅವಳಿಗೆ ಓದೋಕಾಗದಿದ್ದರೆ ನೀನು ಹಿಡಿದು ತೋರಿಸು.

ಸಭೆಯಲ್ಲಿ ನಾನು ಎದ್ದು ನಿಂತು, ಮಿಂಚಿ ವಾಪಸ್ ಬರ್ತಾಳೆ, ಕಣ್ಣೀರಿನಿಂದಲೇ ಬರ್ತಾಳೆ ಅಂದೆ. ಜುಲೈನಲ್ಲಿ ಅಷ್ಟು ಹಾರಾಡಿದ್ದವಳು ಇವಳೇನಾ ಅಂತ ಎಲ್ಲರೂ ನಕ್ಕರು. ನನ್ನ ಕಡೆಯ ಅರ್ಧ ಜನಕ್ಕೆ ಸಿಟ್ಟು ಬಂತು. ಹಿರಿಯ ಬರಹಗಾರರು ಮಾತ್ರ ನಗಲಿಲ್ಲ. ನನ್ನ ಮುಂದೆ ಒಂದು ಲೋಟ ನೀರು ಸರಿಸಿದರು.

ಬರೀತಾ ಒಂದು ತಿಳಿಯಿತು. ನಾನು ಈ ದೃಶ್ಯವನ್ನ ಅಗ್ಗದ್ದು ಅಂತಿದ್ದೆ. ಅಗ್ಗವಲ್ಲ ಅಕ್ಕ. ಎಲ್ಲರಿಗೂ ಬೇಕಾದದ್ದು, ಅದಕ್ಕೇ ಸವೆದಿದೆ, ಮೆಟ್ಟಿಲಿನ ಕಲ್ಲು ಸವೆದ ಹಾಗೆ.

ಅವಳಿಗೆ ಹೇಳು, ಕಣ್ಣು ಬಿಟ್ಟ ಮೇಲೆ ಮಿಂಚಿ ಮೊದಲು ಆಡೋ ಮಾತು ಖಾಲಿ ಬಿಟ್ಟಿದ್ದೀನಿ. ಅವಳೇ ಹೇಳಲಿ. ಬಂದು ಬರ್ಕೋತೀನಿ.

ಬಾಲ


ಅಕ್ಟೋಬರ್ ೧೩

ಪುಟ್ಟೀ,

ನಿನ್ನ ಆಫೀಸಿಗೆ ತಂತಿ ಕೊಡಿಸಿದ್ದೀನಿ. ಅದೇ ಮೊದಲು ತಲುಪಿರುತ್ತೆ. ಆದರೂ ಬರೀಬೇಕು ಅನ್ನಿಸಿತು.

ನಿನ್ನೆ ಬೆಳಿಗ್ಗೆ ಹೋದಳು. ಮುಖ ತೊಳೆಸಿ, ತಲೆ ಬಾಚಿ, ದಿಂಬು ಸರಿ ಮಾಡ್ತಿದ್ದೆ. ನನ್ನ ಕೈ ಅವಳ ಬೆನ್ನ ಹಿಂದೇ ಇತ್ತು. ನೋವು ಇರಲಿಲ್ಲ ಅಂತ ನರ್ಸು ಬರೆದು ತೋರಿಸಿದಳು.

ನಿನ್ನ ಹಾಳೆಗಳು ಇವತ್ತು ಬಂದವು. ಅಂಚೆಯವನು ಗಂಟೆ ಒತ್ತಿದ್ದು ನನಗೆ ಕೇಳಿಸೋದಿಲ್ಲವಲ್ಲ, ಬಾಗಿಲಿಗೆ ಒರಗಿಸಿಟ್ಟು ಹೋಗಿದ್ದ. ನಾನು ಓದಿದೆ. ಚೆನ್ನಾಗಿದೆ. ಅವಳು ಖಂಡಿತ ಅಳ್ತಿದ್ದಳು, ಆಮೇಲೆ ಬೈತಿದ್ದಳು.

ನೀನು ಬರ್ತೀಯ ಅಂತ ಅವಳಿಗೆ ಗೊತ್ತಿತ್ತು. ನೀನಿನ್ನೂ ಬರೆಯೋ ಮುಂಚೆಯೇ, "ಅವಳು ಹೊರಟಿರ್ತಾಳೆ" ಅಂದಿದ್ದಳು. ಕಿಟಕಿ ಪರದೆ ಒಗೆಸು ಅಂತಲೂ ಹೇಳಿದ್ದಳು. ಒಗೆಸಿದ್ದೀನಿ.

ಅಕ್ಕ


ನವೆಂಬರ್ ೨೯

ಅಕ್ಕ,

ತಂತಿ ಬಂದ ದಿನ ನಾನು ಟಿಕೆಟ್ಟು ವಾಪಸ್ ಮಾಡಿದೆ. ನಿನಗೆ ಕೋಪ ಬಂದಿರಬೇಕು. ಬರಬೇಕಾದದ್ದೇ. ಆ ಮನೆ ಬಾಗಿಲಿಗೆ ಬಂದು, ಅವಳಿಲ್ಲದ ಹಾಸಿಗೆ ನೋಡಿ, ಈಗ ಬಂದೆ ನೋಡು ಅಂತ ಹೇಳೋ ಧೈರ್ಯ ಆಗ ಬರಲಿಲ್ಲ. ಈಗ ಬಂದಿದೆ. ಮುಂದಿನ ತಿಂಗಳ ಕೊನೆಗೆ ಬರ್ತೀನಿ, ಉಳಿಯೋ ಹಾಗೇ ಬರ್ತೀನಿ.

ಕೊನೇ ಕಂತು ನಿನ್ನೆ ಪ್ರಸಾರ ಆಯ್ತು. ಸ್ಟುಡಿಯೋದವರೆಲ್ಲ ಒಟ್ಟಿಗೆ ಕೂತು ನೋಡಿದರು. ನಾನು ನೋಡಲಿಲ್ಲ, ರೈಲು ಹತ್ತಿ ಸುಮ್ಮನೆ ಊರ ಕೊನೆವರೆಗೂ ಹೋಗಿ ಬಂದೆ. ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೋಗೋ ರೈಲಲ್ಲಿ ನನ್ನ ಎದುರು ಸೀಟಲ್ಲಿ ಒಬ್ಬ ತಾಯಿ, ಅವಳ ಪುಟ್ಟ ಮಗಳು. ಆ ಮಗು ಕಾಲು ಆಡಿಸ್ತಾ ಹೇಳ್ತಿತ್ತು: "ಮಿಂಚಿ ಬಂದೇ ಬರ್ತಾಳೆ ಅಂತ ನನಗೆ ಗೊತ್ತಿತ್ತಮ್ಮ. ನಾನು ಅಳಲೇ ಇಲ್ಲ. ನೀನೇ ಅತ್ತಿದ್ದು." ತಾಯಿ ಹೌದು ಅಂತ ತಲೆ ಆಡಿಸಿದಳು. ನನ್ನ ನಿಲ್ದಾಣ ದಾಟಿಹೋಯ್ತು. ಇಳಿಯಲಿಲ್ಲ.

ಖಾಲಿ ಬಿಟ್ಟ ಮಾತಿಗೆ ಏನೂ ಬರೆಯೋಕಾಗಲಿಲ್ಲ. ಮಿಂಚಿ ಕಣ್ಣು ಬಿಡ್ತಾಳೆ, ತುಟಿ ಆಡ್ತಾವೆ, ದನಿ ಇಲ್ಲ. ಹಾಡು ಜೋರಾಗಿರೋದರಿಂದ ಕೇಳಿಸ್ತಿಲ್ಲ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಏನು ಹೇಳಿದಳು ಅಂತ ಮಕ್ಕಳು ಬೆಳಿಗ್ಗೆಯಿಂದ ಸ್ಟುಡಿಯೋಗೆ ಫೋನ್ ಮಾಡ್ತಿದ್ದಾರಂತೆ.

ಇವರಿಗೆ ಎರಡನೇ ಸರಣಿ ಬೇಕಂತೆ. ಮತ್ತೆ ಅದೇ ಶಾಲೆ, ಅದೇ ಕ್ಲಿಪ್ಪು, ಅದೇ ವಯಸ್ಸು. ಈ ಕಥೆಗಳ ಹುಡುಗಿಯರು ಎಷ್ಟು ಸರಣಿ ಆದರೂ ಬೆಳೆಯೋದೇ ಇಲ್ಲ. ನಾನು ಬರೆಯಲ್ಲ ಅಂದೆ. ಬೇರೆ ಯಾರಾದರೂ ಬರೀತಾರೆ, ಚೆನ್ನಾಗೇ ಬರೀತಾರೆ.

ನಿನ್ನಿಂದ ಒಂದೇ ಒಂದು ಆಗಬೇಕು. ಫೋಟೋ ಬೇಡ, ಫೋಟೋ ನೋಡೋಕೆ ನನ್ನಿಂದಾಗಲ್ಲ. ನೀನು ಪೆನ್ಸಿಲ್ ತಗೊಂಡು ನಿನ್ನ ಮಿಂಚಿಯನ್ನ ಒಂದು ಸಲ ಬರೆದುಕೊಡು. ಮಗು ಮಿಂಚಿಯನ್ನಲ್ಲ, ವಯಸ್ಸಾದ ಮಿಂಚಿಯನ್ನ. ನಾನು ಕೊನೇ ಸಲ ಕಿಟಕಿಯಿಂದ ನೋಡಿದ್ದು ಅವಳ ಬೆನ್ನು, ಉದ್ದನೆಯ ಕಪ್ಪು ಜಡೆ. ಆಮೇಲೆ ಅವಳಿಗೆ ಕನ್ನಡಕ ಬಂದಿತ್ತಾ, ಗಲ್ಲ ಇಳಿದಿತ್ತಾ, ಕೂದಲು ಎಷ್ಟು ನರೆತಿತ್ತು, ನನಗೆ ಏನೂ ಗೊತ್ತಿಲ್ಲ ಅಕ್ಕ.

ತಂಗಿ